ಅಕ್ಕಿಯನ್ನು ಅಳೆದ ಕೈ

(ಶ್ರಾವಣಮಾಸದ ಪ್ರವಚನದಲ್ಲಿ, ಮಸ್ಕಿಯಲ್ಲಿ ನೆರೆದ ತಾಯಂದಿರನ್ನು ಕುರಿತು ದಯಪಾಲಿಸಿದ ಆಶೀರ್ವಚನದ ಬರಹರೂಪ)



ಬಸವಾದಿ ಪ್ರಮಥರ ಪಾದಾರವಿಂದಗಳಲ್ಲಿ ತಲೆಬಾಗಿ, ಶ್ರೀಮಠದ ಕರ್ತೃ ಗದ್ದುಗೆಯನ್ನು ಸ್ಮರಿಸಿ ಇಂದಿನ ವಿಷಯವನ್ನು ಪ್ರಾರಂಭಿಸುತ್ತೇವೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲೂಕುಗಳ ಊರೂರುಗಳಿಂದ ತಾಯಂದಿರು ಬಹುಸಂಖ್ಯೆಯಲ್ಲಿ ದಯಮಾಡಿಸಿದ್ದೀರಿ. ಕೋಳಿ ಕೂಗುವ ಹೊತ್ತಿಗೆ ಎದ್ದು, ರೊಟ್ಟಿ ಬಡಿದು, ಹೊಲಕ್ಕೆ ಹೋಗುವವರಿಗೆ ಬುತ್ತಿ ಕಟ್ಟಿ, ಮಕ್ಕಳ ತಲೆ ಬಾಚಿ ಶಾಲೆಗೆ ಕಳಿಸಿ, ಆಮೇಲೆ ಬಸ್ಸು ಹಿಡಿದು ಬಂದವರು ನೀವು. ನಿಮ್ಮ ಮುಂದೆ ವೈರಾಗ್ಯದ ದೊಡ್ಡ ದೊಡ್ಡ ಮಾತುಗಳನ್ನು ಆಡುವುದು ನಮಗೆ ಸರಿತೋರಲಿಲ್ಲ. ಒಲೆಯ ಮುಂದಿನ ಮಾತನ್ನೇ ಆಡೋಣ. ಅದರೊಳಗೆ ಶಿವಾನುಭವ ಉಂಟೋ ಇಲ್ಲವೋ ನೋಡೋಣ.

ಮಠಕ್ಕೆ ಬರುವ ತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ಅಪ್ಪಾರ, ಮನಿ ನೋಡಿಕೊಂತ ಕುಂತರ ಊರಾಗಿನ ಕೆಲಸ ಯಾರೂ ಮಾಡಂಗಿಲ್ಲ. ಊರಿನ ಕೆಲಸಕ್ಕ ಹೊಂಟರ ಮನಿ ಹಾಳಾತು ಅಂತಾರ. ನಾವು ಯಾವುದನ್ನ ಹಿಡೀಬೇಕು, ಯಾವುದನ್ನ ಬಿಡಬೇಕು?" ಈ ಪ್ರಶ್ನೆ ಸಣ್ಣದಲ್ಲ. ಶಾಸ್ತ್ರ ಓದಿದವರೂ ಸುಲಭವಾಗಿ ಉತ್ತರಿಸಲಾಗದ ಪ್ರಶ್ನೆ. ಇಂದು ಉತ್ತರದ ಅರ್ಧ ಭಾಗವನ್ನು ತಾಯಂದಿರಿಗೆ ಹೇಳುತ್ತೇವೆ. ಉಳಿದ ಅರ್ಧ, ಹಿಂದೆ ಕಂಬಕ್ಕೆ ಒರಗಿ ಕುಳಿತಿರುವ ಗಂಡಸರಿಗೆ. ಅವರು ನಡುವೆ ಎದ್ದು ಹೋಗಬಾರದು.

ಸಂಸ್ಕೃತದಲ್ಲಿ ಮನೆಗೆ ಗೃಹ ಎನ್ನುತ್ತಾರೆ. ವೈಯಾಕರಣರು ಈ ಶಬ್ದವನ್ನು 'ಗ್ರಹ್' ಎಂಬ ಧಾತುವಿನಿಂದ ಸಾಧಿಸುತ್ತಾರೆ. ಗ್ರಹ್ ಎಂದರೆ ಹಿಡಿಯುವುದು. ಧಾನ್ಯವೇ ಮೊದಲಾದುದನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದು ಗೃಹ. ಹಿಡಿದಿಟ್ಟುಕೊಳ್ಳುವವರು ಯಾರು? ಗೋಡೆಯೇ? ಕದವೇ? ಎಷ್ಟು ಜೋಳ ಉಳಿದಿದೆ, ಮುಂದಿನ ಸುಗ್ಗಿಯವರೆಗೆ ಸಾಲುತ್ತದೆಯೋ ಇಲ್ಲವೋ, ಅತಿಥಿ ಬಂದರೆ ಎಲ್ಲಿಂದ ತೆಗೆಯಬೇಕು ಎಂಬುದನ್ನು ತಲೆಯಲ್ಲಿ ಲೆಕ್ಕವಿಟ್ಟು ಹಿಡಿಯುವವಳು ಗೃಹಿಣಿ. ಆದ್ದರಿಂದಲೇ ನಮ್ಮ ಸುಭಾಷಿತಕಾರರು ಕಟ್ಟಡವನ್ನು ಮನೆಯೆಂದು ಕರೆಯದೆ ಗೃಹಿಣಿಯನ್ನೇ ಮನೆಯೆಂದು ಕರೆದರು. ಹೊಗಳಿಕೆ ದೊಡ್ಡದು. ಆದರೆ ಹೊಗಳಿಕೆಯೂ ಒಮ್ಮೊಮ್ಮೆ ಹಗ್ಗವಾಗುತ್ತದೆ. 'ನೀನೇ ಮನೆ' ಎಂದು ಹೇಳಿ, 'ಆದ್ದರಿಂದ ನೀನು ಮನೆಯಿಂದ ಹೊರಗೆ ಬರಬೇಡ' ಎಂದು ಕಟ್ಟಿಹಾಕಿದವರೂ ಉಂಟು.

ಶರಣರು ಹೀಗೆ ಕಟ್ಟಿಹಾಕಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಮನೆಗೆ ಮಹಾಮನೆ ಎಂಬ ಹೆಸರು. ಗಂಗಾಂಬಿಕೆ, ನೀಲಾಂಬಿಕೆಯರು ಅಲ್ಲಿ ದಾಸೋಹದ ಹೊಣೆ ಹೊತ್ತರು. ಹೊತ್ತುಕೊಂಡೇ ವಚನ ಬರೆದರು. ಭತ್ತ ಕುಟ್ಟುವ ಕೊಟ್ಟಣದ ಸೋಮವ್ವೆ, ನೂಲುವ ಕದಿರ ರೆಮ್ಮವ್ವೆ, ಅಂಗಳ ಗುಡಿಸುವ ಸತ್ಯಕ್ಕ ಇವರೆಲ್ಲ ವಚನಕಾರ್ತಿಯರು. ಹೀಗೆ ಬರೆದ ಶರಣೆಯರು ಮೂವತ್ತಕ್ಕೂ ಹೆಚ್ಚು ಮಂದಿ. ಒನಕೆ ಹಿಡಿದ ಕೈಯೂ ಲೇಖನಿ ಹಿಡಿದ ಕೈಯೂ ಒಂದೇ ಆಗಿತ್ತು. ಅವರಲ್ಲಿ ಒಬ್ಬಳು ನಮ್ಮ ಲಿಂಗಸುಗೂರಿನವಳೇ. ಅವಳ ಕಥೆಯನ್ನು ಇಂದು ನಾವು ಮುಖ್ಯವಾಗಿ ಹೇಳಬೇಕಾಗಿದೆ.

ಲಿಂಗಸುಗೂರು ತಾಲೂಕಿನ ಅಮರೇಶ್ವರ ಕ್ಷೇತ್ರವನ್ನು ನೋಡದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ ದಂಪತಿಗಳು ಆ ಊರಿನವರು. ಇಬ್ಬರ ವಚನಗಳ ಅಂಕಿತದಲ್ಲಿಯೂ ಅಮರೇಶ್ವರಲಿಂಗದ ಹೆಸರು ಉಂಟು. ಊರು ಬಿಟ್ಟು ಕಲ್ಯಾಣಕ್ಕೆ ಹೋದರೂ ಊರಿನ ದೇವರನ್ನು ನಾಲಿಗೆಯ ಮೇಲಿಂದ ಇಳಿಸಲಿಲ್ಲ. ಮಾರಯ್ಯನ ಕಾಯಕ ಏನು? ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಒಂದೊಂದಾಗಿ ಆಯ್ದು ತರುವುದು. ಲಕ್ಕಮ್ಮನ ಕಾಯಕ ಅದನ್ನು ಬೇಯಿಸಿ ಜಂಗಮಕ್ಕೆ ನೀಡಿ, ಉಳಿದುದನ್ನು ಪ್ರಸಾದವಾಗಿ ಸ್ವೀಕರಿಸುವುದು. ಅವರ ಬಡತನ ಇಷ್ಟು.

ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ನಮ್ಮ ಮನೆಗಳಲ್ಲಿ ಇಂಥದು ನಡೆದಿದ್ದರೆ ಏನಾಗುತ್ತಿತ್ತು? 'ಇಂದು ದೇವರು ಕಣ್ಣುಬಿಟ್ಟ' ಎಂದು ಹಬ್ಬದ ಅಡಿಗೆ ಮಾಡುತ್ತಿದ್ದೆವು. ಲಕ್ಕಮ್ಮ ಹಾಗೆ ಮಾಡಲಿಲ್ಲ. ಗಂಟಿನ ತೂಕ ಅವಳ ಕೈಗೆ ಗೊತ್ತಾಯಿತು. ದಿನದ ಅಳತೆ ಅವಳಿಗೆ ತಿಳಿದಿತ್ತು. 'ಇದು ನಮ್ಮ ಪಾಲಿಗಿಂತ ಹೆಚ್ಚು. ಇದರಲ್ಲಿ ಆಸೆ ಸೇರಿದೆ. ಎಲ್ಲಿಂದ ತಂದಿರೋ ಅಲ್ಲಿಗೇ ಒಯ್ದು ಸುರಿದು ಬನ್ನಿ' ಎಂಬ ಅರ್ಥದಲ್ಲಿ ಗಂಡನನ್ನು ತಿದ್ದಿದಳು. ಮಾರಯ್ಯ ತಿರುಗಿ ಹೋದ. ಮತ್ತೊಮ್ಮೆ ಮಾರಯ್ಯ ಅನುಭವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕದ ಹೊತ್ತು ಮೀರುತ್ತಿದೆ ಎಂದು ಎಚ್ಚರಿಸಿದವಳೂ ಅವಳೇ. ಈ ದಂಪತಿಗಳ ಪ್ರಸಂಗಕ್ಕೆ ಶೂನ್ಯಸಂಪಾದನೆಯಲ್ಲಿ ಪ್ರತ್ಯೇಕವಾದ ಸ್ಥಾನವೇ ದೊರೆಯಿತು. ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ಹಿಡಿ ಅಕ್ಕಿಯಲ್ಲಿ ದಾಸೋಹ ಮಾಡಿದಳೆಂಬ ಐತಿಹ್ಯವೂ ಉಂಟು. ಆ ಪವಾಡವನ್ನು ಭಕ್ತಿಯಿಂದ ಕೇಳಿರಿ. ಆದರೆ ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಹೆಚ್ಚಾಗಿ ಬಂದ ಹಿಡಿ ಅಕ್ಕಿಯನ್ನು ಹಿಂದಿರುಗಿಸಿದ ಪ್ರಸಂಗ.

ತಾಯಂದಿರೇ, ಇಲ್ಲಿ ಸೂಕ್ಷ್ಮವಾಗಿ ಗಮನಿಸಬೇಕು. ಲಕ್ಕಮ್ಮ ಅಡಿಗೆಯನ್ನು ಬಿಟ್ಟು ನ್ಯಾಯ ಹೇಳಲು ಹೋಗಲಿಲ್ಲ. ಅಡಿಗೆ ಮಾಡುವ ಕೈಯೇ ಅವಳಿಗೆ ನ್ಯಾಯವನ್ನು ಕಲಿಸಿತು. ದಿನಾಲು ಅಕ್ಕಿ ಅಳೆಯುವವಳಿಗೆ ಎಷ್ಟು ಸಾಕು, ಎಷ್ಟು ಹೆಚ್ಚು, ಯಾರ ಪಾಲು ಯಾರ ಪಾತ್ರೆಗೆ ಬಿದ್ದಿದೆ ಎಂಬುದು ಪುಸ್ತಕ ಓದದೆ ಗೊತ್ತಾಗುತ್ತದೆ. ಊರಿನ ಕೆಲಸವೆಂದರೆ ಇದೇ ಅಲ್ಲವೇ? ಪಂಚಾಯಿತಿಗೆ ಎಷ್ಟು ಹಣ ಬಂತು, ಎಲ್ಲಿಗೆ ಹೋಯಿತು, ಯಾರ ಓಣಿಗೆ ನೀರು ಬಂತು, ಯಾರ ಓಣಿಗೆ ಬರಲಿಲ್ಲ. ಮನೆಯ ಅಳತೆ ತಿಳಿದವಳಿಗೆ ಊರಿನ ಅಳತೆ ಬೇರೆಯ ವಿದ್ಯೆಯಲ್ಲ. ಆದ್ದರಿಂದ 'ಮನೆಯೋ, ಊರೋ' ಎಂಬ ಪ್ರಶ್ನೆಯಲ್ಲಿಯೇ ಒಂದು ತಪ್ಪು ಎಣಿಕೆ ಇದೆ. ಅವು ಎರಡು ಹೊಲಗಳಲ್ಲ; ಒಂದೇ ಹೊಲದ ಎರಡು ಬದು.

ಈಗ ಅಡಿಗೆಮನೆಯಿಂದಲೇ ನಡೆದು ನೋಡೋಣ.

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂದು ಹಿರಿಯರು ಹೇಳಿದರು. ನಮ್ಮ ಈ ಎರೆಭೂಮಿಯಲ್ಲಿ ಊಟ ಬಲ್ಲವರೇ ಇದ್ದರು. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ನವಣೆಯ ಅನ್ನ, ಹೆಸರುಕಾಳು, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ, ಮಜ್ಜಿಗೆ. ಬಡವನ ಗಂಗಾಳದಲ್ಲಿಯೂ ನಾಲ್ಕು ಬಣ್ಣ ಕಾಣುತ್ತಿದ್ದವು. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿಯತೊಡಗಿತು. ಎಡದಂಡೆ ಕಾಲುವೆ ಸಿಂಧನೂರಿನ ಕಡೆಗೆ ಬಂತು. ಜೋಳ ಬಿತ್ತುವ ನೆಲದಲ್ಲಿ ಭತ್ತ ನಿಂತಿತು. ಕಾಲುವೆ ನಮ್ಮ ಬಡತನವನ್ನು ಎಷ್ಟು ಇಳಿಸಿತೆಂಬುದು ನಿಮಗೆ ಗೊತ್ತು. ಅದನ್ನು ನಾವು ಹಳಿಯುವುದಿಲ್ಲ. ಆದರೆ ಭತ್ತ ಹೊಲಕ್ಕೆ ಬಂದಾಗ ಜೋಳ ಗಂಗಾಳದಿಂದ ಏಕೆ ಎದ್ದು ಹೋಗಬೇಕು? ಮೂರು ಹೊತ್ತು ಬಿಳಿ ಅನ್ನ, ಮೇಲೆ ನೀರಾದ ಸಾರು, ನಡುವೆ ಮಕ್ಕಳ ಕೈಗೆ ಅಂಗಡಿಯ ಪೊಟ್ಟಣ. ಹೊಟ್ಟೆ ತುಂಬುತ್ತದೆ, ರಕ್ತ ತುಂಬುವುದಿಲ್ಲ.

ಇದು ನಮ್ಮ ಊಹೆಯಲ್ಲ. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ನಮ್ಮ ಕರ್ನಾಟಕದಲ್ಲಿ ೧೫ರಿಂದ ೪೯ ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು ೪೮ ಮಂದಿಗೆ ರಕ್ತಹೀನತೆ ಇದೆ ಎಂದು ಹೇಳಿತು. ಹತ್ತಿರ ಹತ್ತಿರ ಇಬ್ಬರಲ್ಲಿ ಒಬ್ಬಳು. ಈ ಸಭೆಯಲ್ಲಿ ಪಕ್ಕದಲ್ಲಿ ಕುಳಿತವರ ಮುಖವನ್ನು ಒಮ್ಮೆ ನೋಡಿಕೊಳ್ಳಿರಿ. ಮನೆಮಂದಿಗೆಲ್ಲ ಉಣಬಡಿಸುವವಳಿಗೇ ಅನ್ನದ ಸಾರ ಸಿಕ್ಕಿಲ್ಲವೆಂದರೆ ಇದೆಂಥ ದಾಸೋಹ? ಗಂಡ ಉಂಡ ಮೇಲೆ, ಮಕ್ಕಳು ಉಂಡ ಮೇಲೆ, ಅತ್ತೆ ಮಾವ ಉಂಡ ಮೇಲೆ, ಪಲ್ಯ ಮುಗಿದ ಪಾತ್ರೆಯನ್ನು ರೊಟ್ಟಿಯ ಚೂರಿನಿಂದ ಒರೆಸಿ ತಿನ್ನುವುದನ್ನು ತ್ಯಾಗವೆಂದು ನಾವು ಹೊಗಳುತ್ತ ಬಂದೆವು. ತೈತ್ತಿರೀಯೋಪನಿಷತ್ತು ಅನ್ನವನ್ನು ಬ್ರಹ್ಮವೆಂದು ಭಾವಿಸಿತು, ಅನ್ನವನ್ನು ನಿಂದಿಸಬಾರದೆಂದು ವ್ರತ ಹಾಕಿತು. ಅನ್ನ ಬ್ರಹ್ಮವಾದರೆ ಆ ಬ್ರಹ್ಮ ಪಂಕ್ತಿಯ ಕೊನೆಯಲ್ಲಿ ಕುಳಿತವಳಿಗೂ ಅಷ್ಟೇ ಬ್ರಹ್ಮ. ಲಿಂಗಾಯತರ ಪ್ರಸಾದದಲ್ಲಿ ಮೇಲುಕೀಳಿನ ಪಂಕ್ತಿಯಿಲ್ಲ; ಹಾಗಿದ್ದ ಮೇಲೆ ಮನೆಯೊಳಗೆ ಏಕೆ ಇರಬೇಕು? ಇಂದಿನಿಂದ ತಾಯಿ ಎಲ್ಲರೊಂದಿಗೆ ಕುಳಿತು ಉಣ್ಣಲಿ. ದಿನಕ್ಕೆ ಒಂದು ಹೊತ್ತಾದರೂ ಜೋಳ, ಒಂದು ಸೊಪ್ಪು, ಒಂದು ಕಾಳು ಗಂಗಾಳದಲ್ಲಿರಲಿ. ಸೊಪ್ಪಿನ ಜೊತೆಗೆ ಲಿಂಬೆಹುಳಿ ಇದ್ದರೆ ಅದರಲ್ಲಿಯ ಕಬ್ಬಿಣದ ಅಂಶ ದೇಹಕ್ಕೆ ಹೆಚ್ಚು ಹತ್ತುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ಹತ್ತುವುದಿಲ್ಲ ಎಂದು ವೈದ್ಯರು ಹೇಳುತ್ತಾರೆ. ಇವೆಲ್ಲ ಖರ್ಚಿನ ಮಾತಲ್ಲ, ಎಚ್ಚರದ ಮಾತು.

ಇಷ್ಟು ಮನೆಯೊಳಗೆ ಆಗುವ ಕೆಲಸ. ಈಗ ನೀರಿನ ಕಡೆಗೆ ಬನ್ನಿರಿ. ಅಡಿಗೆಗೆ ನೀರು ಬೇಕಲ್ಲವೇ? ನಮ್ಮ ರಾಯಚೂರು ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಎಂಬ ಅಂಶ ಹೆಚ್ಚಾಗಿದೆ. ಒಂದು ಲೀಟರಿಗೆ ೧.೫ ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಅಳತೆ. ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಕಾಣುತ್ತದೆ; ಹಿರಿಯರ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಎಚ್ಚರವುಳ್ಳ ತಾಯಿ ಏನು ಮಾಡುತ್ತಾಳೆ? ನೀರು ಕಾಯಿಸಿ ಆರಿಸಿ ಕೊಡುತ್ತಾಳೆ. ಕಾಯಿಸಿದರೆ ಕ್ರಿಮಿಗಳು ಸಾಯುತ್ತವೆ, ನಿಜ. ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ. ನೋಡಿರಿ, ಎಂಥ ಉತ್ತಮ ಗೃಹಿಣಿಯಾದರೂ ತನ್ನ ಒಲೆಯ ಮೇಲೆ ಈ ದೋಷವನ್ನು ಕಳೆಯಲಾರಳು. ಅದಕ್ಕೆ ಊರಿಗೆ ಹೊಳೆಯ ನೀರು ಬರಬೇಕು, ಇಲ್ಲವೇ ಶುದ್ಧೀಕರಣ ಘಟಕ ಸರಿಯಾಗಿ ನಡೆಯಬೇಕು. ಕೆಟ್ಟು ನಿಂತಾಗ ಕೇಳುವವರು ಇರಬೇಕು. ಕೇಳುವ ಸ್ಥಳ ಗ್ರಾಮಸಭೆ.

೨೦೧೯ರಲ್ಲಿ ಪ್ರಾರಂಭವಾದ ಜಲಜೀವನ ಯೋಜನೆಯಲ್ಲಿ, ಪ್ರತಿಯೊಂದು ಹಳ್ಳಿಯಲ್ಲಿಯೂ ಐದು ಮಂದಿ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಮಾಡುವ ಪೆಟ್ಟಿಗೆ ಕೊಟ್ಟು ಕಲಿಸಬೇಕೆಂದು ಇಟ್ಟರು. ಗಂಡಸರಿಗೆ ಏಕೆ ಇಡಲಿಲ್ಲ? ಕೊಡ ಹೊತ್ತವರಿಗೆ ನೀರಿನ ಚಿಂತೆ ಹೆಚ್ಚು ಎಂಬುದು ಬರೆದವರಿಗೆ ಗೊತ್ತಿತ್ತು. ನಿಮ್ಮ ಊರಿನಲ್ಲಿ ಆ ಐದು ಮಂದಿ ಯಾರು? ಪರೀಕ್ಷೆ ನಡೆದಿದೆಯೇ? ಫಲ ಏನು ಬಂತು? ಇದನ್ನು ಕೇಳುವುದು ರಾಜಕಾರಣವಲ್ಲ. ಬೇಳೆ ಬೇಯಿಸುವ ಮೊದಲು ಕಲ್ಲು ಆರಿಸುವಷ್ಟೇ ಸಹಜವಾದ ಗೃಹಕೃತ್ಯ.

ಮುಂದೆ ಶಾಲೆ. ನಿಮ್ಮ ಮಕ್ಕಳು ಮಧ್ಯಾಹ್ನದ ಊಟವನ್ನು ಶಾಲೆಯಲ್ಲಿ ಉಣ್ಣುತ್ತಾರೆ. ೨೦೦೨ರಲ್ಲಿ ಆ ಬಿಸಿಯೂಟ ಮೊದಲು ಪ್ರಾರಂಭವಾದದ್ದು ಉತ್ತರದ ಏಳು ಜಿಲ್ಲೆಗಳಲ್ಲಿ. ಅದರಲ್ಲಿ ನಮ್ಮ ರಾಯಚೂರು ಒಂದು. ಸರ್ಕಾರ ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ. ಶರಣರ ಶಬ್ದವನ್ನು ಸರ್ಕಾರ ಕಡ ಪಡೆಯಿತು. ಆ ಶಬ್ದದ ಮಾನ ಕಾಯುವ ಹೊಣೆ ನಮ್ಮದೂ ಆಯಿತು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಣ್ಣುಮಕ್ಕಳು ಇರಬೇಕು. ಅಕ್ಕಿಯಲ್ಲಿ ಹುಳ ಇದೆಯೇ, ಬೇಳೆ ಎಷ್ಟು ಬಿದ್ದಿದೆ, ಎಣ್ಣೆ ಹಳಸಿದೆಯೇ ಎಂದು ಮೂಸಿ ನೋಡಿ ಹೇಳಬಲ್ಲವರು ಯಾರು? ನೀವೇ. ಆದರೆ ಆ ಸಮಿತಿಯ ಸಭೆಗೆ ಅನೇಕ ಕಡೆ ಹೋಗುವುದು ತಾಯಿಯ ಹೆಬ್ಬೆಟ್ಟು ಮಾತ್ರ. ಪುಸ್ತಕವೇ ಮನೆಬಾಗಿಲಿಗೆ ಬಂದು ಗುರುತು ಹಾಕಿಸಿಕೊಂಡು ಹೋಗುತ್ತದೆ. ಇನ್ನು ಮುಂದೆ ಹೆಬ್ಬೆಟ್ಟಿನ ಹಿಂದೆ ತಾಯಿಯೂ ಹೋಗಲಿ.

ಮನೆಯ ಹೊಸ್ತಿಲು ದಾಟಿ ಹೋದರೆ ಮನೆ ಕೆಡುತ್ತದೆ ಎನ್ನುವವರನ್ನು ನಾವು ಒಂದು ಮಾತು ಕೇಳುತ್ತೇವೆ. ಮನೆ ಕೆಡುವುದು ಯಾವುದರಿಂದ? ಕೆಟ್ಟ ನೀರು ಹೊರಗಿನಿಂದ ಹೊಸ್ತಿಲು ದಾಟಿ ಒಳಗೆ ಬರುತ್ತದೆ. ಮದ್ಯದ ಸೀಸೆ ಹೊರಗಿನಿಂದ ಬರುತ್ತದೆ. ಸಾಲಗಾರನ ನೋಟೀಸು ಹೊರಗಿನಿಂದ ಬರುತ್ತದೆ. ಕೇಡು ಹೊಸ್ತಿಲು ದಾಟಿ ಒಳಗೆ ಬರಬಹುದು, ಕೇಡನ್ನು ತಡೆಯುವವಳು ಹೊಸ್ತಿಲು ದಾಟಿ ಹೊರಗೆ ಹೋಗಬಾರದು ಎಂದರೆ ಇದು ಯಾವ ನ್ಯಾಯ?

ಮದ್ಯದ ಮಾತು ಬಂದುದರಿಂದ ಇದನ್ನೂ ಹೇಳಬೇಕು. ನಮ್ಮ ಲಿಂಗಸುಗೂರಿನ ನೆರೆಯ ಇಳಕಲ್ಲಿನಲ್ಲಿ ಪೂಜ್ಯ ಮಹಾಂತ ಶಿವಯೋಗಿಗಳು ೧೯೭೫ರಲ್ಲಿ ಮಹಾಂತ ಜೋಳಿಗೆಯನ್ನು ಹಿಡಿದರು. ಜೋಳಿಗೆಗೆ ಜನ ಜೋಳ ಹಾಕುತ್ತಾರೆ. ಆ ಪೂಜ್ಯರು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ೨೦೧೮ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಜೋಳಿಗೆಯನ್ನು ಕೆಳಗಿಡಲಿಲ್ಲ. ಸರ್ಕಾರ ಅವರ ಜನ್ಮದಿನವಾದ ಆಗಸ್ಟ್ ೧ನ್ನು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಒಬ್ಬ ಶಿವಯೋಗಿಯ ಜೋಳಿಗೆಗೆ ಸೀಸೆ ಹಾಕಿದ ಮನೆಗಳಲ್ಲಿ ಒಲೆ ಮತ್ತೆ ಉರಿಯಿತು.

೨೦೦೭ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. ಸಾರಾಯಿ ಹೋಯಿತು, ಆ ಜಾಗಕ್ಕೆ ಬೇರೆ ಮದ್ಯ ಬಂತು. ಪರವಾನಗಿ ಇಲ್ಲದ ಅಂಗಡಿಯ ಮೂಲೆಯಲ್ಲಿಯೂ ಮಾರಾಟವಾಯಿತು. ಆಗ ಎದ್ದವರು ಹಳ್ಳಿಯ ಹೆಣ್ಣುಮಕ್ಕಳು. ೨೦೧೯ರ ಜನವರಿ ೧೯ರಂದು ಸಾವಿರಾರು ಮಂದಿ ತಾಯಂದಿರು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟರು. ನಮ್ಮ ರಾಯಚೂರು ಜಿಲ್ಲೆಯ ತಾಯಂದಿರು ಅದರಲ್ಲಿ ಬಹಳ ಮಂದಿ. ಸುಮಾರು ೨೦೦ ಕಿಲೋಮೀಟರು ನಡೆದು ಜನವರಿ ೩೦ರಂದು ರಾಜಧಾನಿಯನ್ನು ಮುಟ್ಟಿದರು. ಅವರು ಕೇಳಿದ್ದು ಪಾನನಿಷೇಧ. ಅದು ಸಿಗಲಿಲ್ಲ. ಸಿಗಲಿಲ್ಲವೆಂದು ಆ ನಡಿಗೆ ವ್ಯರ್ಥವಾಯಿತೇ? ಅಲ್ಲ. ಒಲೆಯ ಮುಂದೆ ಒಬ್ಬೊಬ್ಬಳೇ ಅತ್ತ ದುಃಖವನ್ನು ಹೆದ್ದಾರಿಯ ಮೇಲೆ ಎಲ್ಲರೂ ಕೂಡಿ ಹೇಳಬಹುದೆಂದು ಅವರು ತೋರಿಸಿದರು. ಅವರಲ್ಲಿ ಹೆಚ್ಚಿನವರು ನಾಯಕಿಯರಲ್ಲ. ನಿಮ್ಮಂತೆ ರೊಟ್ಟಿ ಬಡಿಯುವವರೇ.

ಈ ನಮ್ಮ ಮಸ್ಕಿಗೂ ಒಂದು ಹಳೆಯ ಸಾಕ್ಷಿ ಉಂಟು. ೧೯೧೫ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಇಲ್ಲಿಯ ಬಂಡೆಯ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದ ಶಾಸನವನ್ನು ಕಂಡನು. ಅದರಿಂದ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ದೃಢಪಟ್ಟಿತು. ಧರ್ಮ ದೊಡ್ಡವರಿಗೆ ಮಾತ್ರ ದಕ್ಕುವುದೆಂದು ತಿಳಿಯಬಾರದು, ಚಿಕ್ಕವರೂ ಪ್ರಯತ್ನಿಸಿದರೆ ಅದನ್ನು ಪಡೆಯಬಲ್ಲರು, ಈ ಮಾತನ್ನು ಚಿಕ್ಕವರಿಗೂ ದೊಡ್ಡವರಿಗೂ ಹೇಳಬೇಕು ಎಂಬುದು ಅದರ ತಾತ್ಪರ್ಯ. ಚಕ್ರವರ್ತಿಯೇ ಎರಡು ಸಾವಿರ ವರ್ಷಗಳ ಹಿಂದೆ ಇದನ್ನು ನಮ್ಮ ಊರಿನ ಕಲ್ಲಿನಲ್ಲಿ ಕೊರೆಸಿರುವಾಗ, 'ಇದು ದೊಡ್ಡವರ ವಿಷಯ, ನಿನಗೇಕೆ' ಎಂದು ಮಸ್ಕಿಯ ತಾಯಿಗೆ ಹೇಳುವವರು ಯಾರು?

ಕಾಯಿದೆಯೂ ನಿಮ್ಮ ಪರವಾಗಿದೆ. ನಮ್ಮ ರಾಜ್ಯ ೧೯೮೩ರ ಕಾಯಿದೆಯಲ್ಲಿಯೇ ಮಂಡಲ ಪಂಚಾಯಿತಿಗಳಲ್ಲಿ ಹೆಣ್ಣುಮಕ್ಕಳಿಗೆ ನೂರಕ್ಕೆ ೨೫ ಸ್ಥಾನ ಇಟ್ಟಿತು. ೧೯೯೩ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ಮೂರರಲ್ಲಿ ಒಂದು ಪಾಲು, ೨೦೧೦ರಲ್ಲಿ ನಮ್ಮ ರಾಜ್ಯದಲ್ಲಿ ಅರ್ಧ ಪಾಲು. ೨೦೧೩ರ ಆಹಾರ ಭದ್ರತಾ ಕಾಯಿದೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಣ್ಣುಮಗಳನ್ನೇ ಕುಟುಂಬದ ಮುಖ್ಯಸ್ಥೆ ಎಂದಿತು. ೨೦೨೩ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದು, ಆ ಮುಖ್ಯಸ್ಥೆಯ ಹೆಸರಿಗೇ ತಿಂಗಳಿಗೆ ೨,೦೦೦ ರೂಪಾಯಿ ಎಂದಾಯಿತು. ಹೆಸರು ಅವಳದು, ಚೀಟಿ ಅವಳದು, ಖಾತೆ ಅವಳದು. ಹಣವನ್ನು ಯಾವುದಕ್ಕೆ ಹಚ್ಚಬೇಕೆಂಬ ನಿರ್ಣಯ ಯಾರದು? ಪಂಚಾಯಿತಿಯಲ್ಲಿ ಸಹಿ ಅವಳದು, ಕುರ್ಚಿಯಲ್ಲಿ ಕುಳಿತವರು ಯಾರು? 'ನಾನು ಅಧ್ಯಕ್ಷರ ಯಜಮಾನರು' ಎಂದು ಪರಿಚಯ ಹೇಳಿಕೊಳ್ಳುವ ಬಂಧುಗಳನ್ನು ನಾವು ಮಠದಲ್ಲಿಯೂ ನೋಡಿದ್ದೇವೆ. ಹೆಂಡತಿಯ ಕುರ್ಚಿಯಲ್ಲಿ ಕೂರುವುದು ಒಬ್ಬರ ಪಾಲನ್ನು ಇನ್ನೊಬ್ಬರು ಉಂಡಂತೆ. ಹೆಚ್ಚಿನ ಅಕ್ಕಿಯನ್ನು ಮಾರಯ್ಯ ಹಿಂದಿರುಗಿಸಿದ. ಕುರ್ಚಿಯನ್ನು ನೀವು ಹಿಂದಿರುಗಿಸಿರಿ.

ಈಗ ಗಂಡಸರ ಪಾಲಿನ ಮಾತಿಗೆ ಬಂದೆವು. ೨೦೧೯ರಲ್ಲಿ ಕೇಂದ್ರ ಸರ್ಕಾರ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ದೇಶದಾದ್ಯಂತ ಲೆಕ್ಕ ಹಾಕಿಸಿತು. ದಿನದಲ್ಲಿ ಮನೆಗೆಲಸಕ್ಕೆ ಕೈಹಚ್ಚಿದವರು ಹೆಂಗಸರಲ್ಲಿ ನೂರಕ್ಕೆ ೮೧, ಗಂಡಸರಲ್ಲಿ ನೂರಕ್ಕೆ ೨೬. ಕೈಹಚ್ಚಿದ ಹೆಂಗಸು ದಿನಕ್ಕೆ ೨೯೯ ನಿಮಿಷ ದುಡಿದರೆ, ಕೈಹಚ್ಚಿದ ಗಂಡಸು ೯೭ ನಿಮಿಷ. ಐದು ತಾಸು ಒಂದು ಕಡೆ, ಒಂದೂವರೆ ತಾಸು ಇನ್ನೊಂದು ಕಡೆ. ಇಷ್ಟು ಹೊತ್ತ ತಾಯಿಗೆ 'ಊರಿನ ಕೆಲಸವನ್ನೂ ಮಾಡು, ಮನೆಯನ್ನೂ ಸರಿಯಾಗಿ ನೋಡು, ಎರಡನ್ನೂ ಸಮತೋಲನ ಮಾಡು' ಎಂದು ಉಪದೇಶಿಸುವುದು, ತುಂಬಿದ ಕೊಡ ಹೊತ್ತವಳ ತಲೆಯ ಮೇಲೆ ಎರಡನೆಯ ಕೊಡ ಇಟ್ಟಂತೆ. ನಾವು ಹಾಗೆ ಉಪದೇಶಿಸುವುದಿಲ್ಲ. ತಕ್ಕಡಿಗೆ ಎರಡು ತಟ್ಟೆ ಉಂಟು. ಎರಡು ತಟ್ಟೆಗೂ ಒಬ್ಬಳೇ ಭಾರವಾಗಬಾರದು.

ಬಂಧುಗಳೇ, ಮಠದ ದಾಸೋಹದಲ್ಲಿ ಅಡಿಗೆ ಮಾಡುವವರು ಯಾರು? ಗಂಡಸರೇ. ಜಾತ್ರೆಯಲ್ಲಿ ಹುಗ್ಗಿಯ ಕೊಪ್ಪರಿಗೆ ತಿರುವುವವರು ಯಾರು? ನೀವೇ. ಅಲ್ಲಿ ಸೌಟು ಹಿಡಿದರೆ ಪುಣ್ಯ, ಮನೆಯಲ್ಲಿ ಹಿಡಿದರೆ ಅವಮಾನವೇ? ದಾಸೋಹವೆಂಬುದು ಜಾತ್ರೆಗೆ ಒಂದು, ಮನೆಗೆ ಒಂದು ಎಂದು ಎರಡು ಇಲ್ಲ. ಕಾಯಕದಲ್ಲಿ ಹೆಣ್ಣಿನ ಕಾಯಕ, ಗಂಡಿನ ಕಾಯಕ ಎಂಬ ಭೇದವನ್ನು ಶರಣರು ಇಡಲಿಲ್ಲ. ಆದ್ದರಿಂದ ನಾವು ನಿಮ್ಮಿಂದ ಕಾಣಿಕೆ ಬೇಡುತ್ತೇವೆ, ಹಣವಲ್ಲ. ವರ್ಷಕ್ಕೆ ಎರಡು ಸಲವಾದರೂ ಗ್ರಾಮಸಭೆ ನಡೆಯಲೇಬೇಕೆಂದು ಕಾಯಿದೆಯಿದೆ. ಆ ದಿನ ಮನೆಯಲ್ಲಿ ಒಲೆ ಹಚ್ಚುವವರು ನೀವಾಗಿರಿ. ರೊಟ್ಟಿ ಬಡಿಯಲು ಬಾರದಿದ್ದರೆ ಅನ್ನ ಮಾಡಿರಿ, ಜುಣಕ ಮಾಡಿರಿ. ಗಂಡುಮಗನಿಗೆ ಹತ್ತು ವರ್ಷ ತುಂಬಿದರೆ ಹಿಟ್ಟು ನಾದುವುದನ್ನು ಕಲಿಸಿರಿ. ನಾಳೆ ಪಟ್ಟಣಕ್ಕೆ ಓದಲು ಹೋದಾಗ ಅದೇ ಅವನ ಹೊಟ್ಟೆ ಕಾಯುತ್ತದೆ. ಮುಂದೆ ಅವನ ಹೆಂಡತಿಯಾಗಿ ಬರುವ ಮಗಳೂ ನಿಮಗೆ ಶರಣು ಎನ್ನುತ್ತಾಳೆ.

ತಾಯಂದಿರೇ, ನಿಮಗೂ ಕೆಲವು ಎಚ್ಚರಿಕೆಯ ಮಾತು ಹೇಳಿ ಮುಗಿಸುತ್ತೇವೆ. ಊರಿನ ಕೆಲಸವೆಂದರೆ ಕರೆದ ಸಭೆಗೆಲ್ಲ ಹೋಗುವುದಲ್ಲ. ವಾಹನ ಕಳಿಸಿ, ಊಟದ ಪೊಟ್ಟಣ ಕೊಟ್ಟು, ತಲೆ ಎಣಿಸಲಿಕ್ಕೆ ಕರೆದೊಯ್ಯುವ ಸಭೆಗಳು ಉಂಟು. ಅಲ್ಲಿ ನಿಮ್ಮ ತಲೆ ಬೇಕು, ತಲೆಯೊಳಗಿನ ಮಾತು ಬೇಡ. ಅ��ಥ ಕಡೆ ಕಳೆದ ಹೊತ್ತು ಮನೆಗೂ ಇಲ್ಲ, ಊರಿಗೂ ಇಲ್ಲ. ನೀರು, ಶಾಲೆ, ಆರೋಗ್ಯ, ಪಡಿತರ, ಮದ್ಯದ ಅಂಗಡಿ ಇವುಗಳಲ್ಲಿ ಒಂದನ್ನು ಹಿಡಿಯಿರಿ, ಗಟ್ಟಿಯಾಗಿ ಹಿಡಿಯಿರಿ. ಒಬ್ಬಳೇ ಎಲ್ಲವನ್ನೂ ಹೊರಬೇಡಿರಿ. ನಮ್ಮ ಹೊಲಗಳಲ್ಲಿ ಮುಯ್ಯಿ ಎಂಬ ಪದ್ಧತಿ ಉಂಟಷ್ಟೆ: ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅದೇ ಮುಯ್ಯಿಯನ್ನು ಓಣಿಗೆ ತನ್ನಿರಿ. ಇಬ್ಬರು ಸಭೆಗೆ ಹೋದ ದಿನ ಉಳಿದಿಬ್ಬರು ಅವರ ಮಕ್ಕಳನ್ನು ನೋಡಿಕೊಳ್ಳಲಿ, ನಾಲ್ಕು ರೊಟ್ಟಿ ಹೆಚ್ಚು ಬಡಿಯಲಿ. ಹೋಗಿ ಬಂದವರು ಅಲ್ಲಿ ನಡೆದುದನ್ನು ಓಣಿಗೆಲ್ಲ ಹೇಳಲಿ. ಹನಿಹನಿ ಕೂಡಿದರೆ ಹಳ್ಳ.

ಆರೋಗ್ಯಕ್ಕೆ ಸಂಸ್ಕೃತದಲ್ಲಿ ಸ್ವಾಸ್ಥ್ಯ ಎಂಬ ಇನ್ನೊಂದು ಹೆಸರು. ಸ್ವಸ್ಥ ಎಂದರೆ ತನ್ನಲ್ಲಿ ತಾನು ನಿಂತವರು. ತನ್ನ ಊಟ, ತನ್ನ ನಿದ್ರೆ, ತನ್ನ ಲಿಂಗಪೂಜೆಯ ಅರ್ಧ ತಾಸು, ಇವನ್ನು ಉಳಿಸಿಕೊಂಡವಳು ತನ್ನಲ್ಲಿ ತಾನು ನಿಲ್ಲುತ್ತಾಳೆ. ಅವಳು ನಿಂತರೆ ಮನೆ ನಿಲ್ಲುತ್ತದೆ. ಅಂಥ ಮನೆಗಳು ಕೂಡಿ ನಿಂತರೆ ಊರು ನಿಲ್ಲುತ್ತದೆ. ಎಲ್ಲರಿಗೂ ಉಣಬಡಿಸಿ ತಾನು ಬಿದ್ದುಹೋಗುವುದು ಶರಣಮಾರ್ಗವಲ್ಲ. ಲಕ್ಕಮ್ಮ ಬಡವಳಾಗಿದ್ದಳು, ದುರ್ಬಲಳಾಗಿರಲಿಲ್ಲ. ಗಂಡನ ಮುಂದೆಯೂ ಸರಿ, ಕಲ್ಯಾಣದ ಶರಣರ ಮುಂದೆಯೂ ಸರಿ, ನೆಟ್ಟಗೆ ನಿಂತು 'ಇದು ಹೆಚ್ಚು' ಎಂದು ಹೇಳುವ ಬಲ ಅವಳಿಗಿತ್ತು.

ಆ ಬಲ ನಿಮ್ಮ ಕೈಯಲ್ಲಿಯೂ ಇದೆ. ದಿನಾಲು ಅಳೆಯುತ್ತೀರಿ, ಅಳತೆಯನ್ನು ಬಾಯಿಬಿಟ್ಟು ಹೇಳುವುದೊಂದು ಉಳಿದಿದೆ. ಸಿಂಧನೂರಿನ ಕಾಲುವೆಯ ಬದಿಯಲ್ಲಿ, ಲಿಂಗಸುಗೂರಿನ ಬೆದ್ದಲು ಹೊಲದಲ್ಲಿ, ಈ ಮಸ್ಕಿಯ ಗುಡ್ಡದ ಕೆಳಗೆ, ಪ್ರತಿ ಮನೆಯ ಒಲೆಯೂ ಉರಿಯಲಿ. ಉರಿಸಿದವಳ ಹೊಟ್ಟೆಯೂ ತಣ್ಣಗಿರಲಿ. ಅವಳ ಮಾತು ಊರಿನ ಸಭೆಯಲ್ಲಿ ಕೇಳಿಬರಲಿ. ಬಸವಾದಿ ಶರಣರು ನಿಮಗೆಲ್ಲರಿಗೂ ಆಯುರಾರೋಗ್ಯವನ್ನೂ ಧೈರ್ಯವನ್ನೂ ಕರುಣಿಸಲೆಂದು ಹಾರೈಸಿ ನಮ್ಮ ಮಾತಿಗೆ ಮಂಗಲ ಹಾಡುತ್ತೇವೆ.